ಅಚ್ಚಿಗೆ ಸಿಕ್ಕದ ಕೈ

ಹಿಂಗಾರಿ ಜೋಳದ ರಾಶಿ ಮುಗಿದು ಕಣಿಕೆ ಬಣವೆ ಸೇರಿದ ಮೇಲೆ ಕುಷ್ಟಗಿ, ಯಲಬುರ್ಗಾ ಸೀಮೆಯ ಹುಡುಗರಿಗೆ ಒಂದು ಕೆಲಸ ಕಾದಿರುತ್ತಿತ್ತು. ಬಣವೆಯಿಂದ ನೆಟ್ಟನೆಯ ದಂಟೊಂದನ್ನು ಹಿರಿದು, ಹೊರಗಿನ ಗಟ್ಟಿ ಸಿಪ್ಪೆಯನ್ನು ಹಲ್ಲಿನಿಂದ ಸುಲಿದು, ಒಳಗಿನ ಮೆತ್ತನೆಯ ಬೆಂಡನ್ನು ತುಂಡು ಮಾಡಿ, ಸುಲಿದ ಸಿಪ್ಪೆಯ ಎಳೆಗಳನ್ನೇ ಮೊಳೆಯಂತೆ ಚುಚ್ಚಿ ಚಕ್ಕಡಿ ಕಟ್ಟುವುದು. ನೊಗ ಇರಬೇಕು, ಗಾಲಿ ಇರಬೇಕು, ಗಾಲಿ ತಿರುಗಲೂ ಬೇಕು. ಜೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಯಲ್ಲಿ ಮಾಡಿದ ಮಣ್ಣಿನ ಎತ್ತುಗಳ ಹೆಗಲಿಗೆ ಆ ನೊಗ ಸರಿಯಾಗಿ ಕೂತರೆ ಕಟ್ಟಿದವನಿಗೆ ಓಣಿಯಲ್ಲಿ ಬೆಲೆ. ಎತ್ತು ಸಣ್ಣದಾಗಿ ಚಕ್ಕಡಿ ದೊಡ್ಡದಾದರೆ ನಗೆಪಾಟಲು.

ಯಾವ ಶಾಲೆಯಲ್ಲೂ ಕಲಿಸದ ಈ ಆಟದಲ್ಲಿ ಒಂದು ಶಾಸ್ತ್ರವೇ ಅಡಗಿದೆ. ದೊಡ್ಡ ವಸ್ತುವನ್ನು ಕಿರಿದು ಮಾಡುವಾಗ ಅದರ ಎಲ್ಲ ಭಾಗಗಳೂ ಒಂದೇ ಲೆಕ್ಕದಲ್ಲಿ ಕಿರಿದಾಗಬೇಕು ಎಂಬುದೇ ಆ ಶಾಸ್ತ್ರ. ಇಂಗ್ಲೆಂಡ್, ಅಮೆರಿಕ, ಜಪಾನ್ ದೇಶಗಳಲ್ಲಿ ಇದೇ ಕೆಲಸ ದೊಡ್ಡವರ ಹವ್ಯಾಸವಾಗಿ ಬೆಳೆದಿದೆ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ, ಉಜ್ಜಿ, ಬಣ್ಣ ಹಚ್ಚಿ, ಅಂಗೈಯಗಲದ ಕಾರನ್ನು ಸಿದ್ಧಪಡಿಸಲು ತಿಂಗಳುಗಟ್ಟಲೆ ಕೂರುವವರು ಅಲ್ಲಿ ಬಹಳ ಮಂದಿ. ಭಾರತದ ದೊಡ್ಡ ನಗರಗಳಲ್ಲೂ ಇಂಥವರಿದ್ದಾರೆ.

ಕೊಪ್ಪಳ ಜಿಲ್ಲೆಗೆ ಈ ವಿಷಯ ಹೊರಗಿನದೆಂದು ತೋರಬಹುದು. ಆದರೆ ವಸ್ತುವನ್ನು ಕಿರಿದು ಮಾಡಿ, ಜೋಡಿಸಿ, ಬಣ್ಣ ಹಚ್ಚುವ ವಿದ್ಯೆಗೆ ಈ ನೆಲದಲ್ಲಿ ಶತಮಾನಗಳ ವಯಸ್ಸಿದೆ. ಅದರ ಮುಖ್ಯ ಕೇಂದ್ರ ಕೊಪ್ಪಳ ತಾಲ್ಲೂಕಿನ ಕಿನ್ನಾಳ. ಅಲ್ಲಿನ ಚಿತ್ರಗಾರರ ಕೈಯಿಂದ ಬಂದ ಮರದ ಗೊಂಬೆ ಇಂದು ದೇಶದ ಕರಕುಶಲ ಮಳಿಗೆಗಳಲ್ಲಿದೆ. ಅದೇ ಜಿಲ್ಲೆಯಲ್ಲಿ ಈಗ ಆಟಿಕೆಯ ಭಾರಿ ಕೈಗಾರಿಕಾ ಪ್ರದೇಶವೂ ತಲೆಯೆತ್ತಿದೆ. ಇವೆರಡರ ನಡುವೆ ಏನು ಸಂಬಂಧ? ಸಂಬಂಧವೇ ಇಲ್ಲದಿದ್ದರೆ ಯಾಕಿಲ್ಲ? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಿರಿದಾಗಿಸುವ ಲೆಕ್ಕ

ಮಾದರಿ ಕಾರು ಕಟ್ಟುವವರ ಮಾತಿನಲ್ಲಿ 1:43, 1:24, 1:64 ಎಂಬ ಅಂಕಿಗಳು ಮೇಲಿಂದ ಮೇಲೆ ಬರುತ್ತವೆ. ಅರ್ಥ ಸರಳ. 1:43 ಎಂದರೆ ನಿಜವಾದ ಕಾರಿನ 43 ಅಂಗುಲ ಮಾದರಿಯಲ್ಲಿ ಒಂದು ಅಂಗುಲ. ನಮ್ಮ ಅಂಬಾಸಿಡರ್ ಕಾರು ಸುಮಾರು 4.3 ಮೀಟರ್ ಉದ್ದವಿತ್ತು. 1:43ರ ಲೆಕ್ಕದಲ್ಲಿ ಅದು ಸುಮಾರು 10 ಸೆಂಟಿಮೀಟರ್ ಆಗುತ್ತದೆ. 1:24ರಲ್ಲಿ ಸುಮಾರು 18 ಸೆಂಟಿಮೀಟರ್. ಗಾಲಿ, ಬಾಗಿಲು, ಹಿಡಿಕೆ, ದೀಪ ಎಲ್ಲವನ್ನೂ ಅದೇ ಸಂಖ್ಯೆಯಿಂದ ಭಾಗಿಸಬೇಕು. 43 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಆಟಿಕೆ ರೈಲಿನಿಂದ. ಬ್ರಿಟನ್ನಿನಲ್ಲಿ ಒಂದು ಬಗೆಯ ಆಟಿಕೆ ರೈಲುಗಳನ್ನು ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕದಲ್ಲಿ ಮಾಡುತ್ತಿದ್ದರು. ಆ ರೈಲಿನ ಪಕ್ಕ ನಿಲ್ಲಿಸಲು ಮಾಡಿದ ಕಾರುಗಳಿಗೂ ಅದೇ ಅಳತೆ ಅಂಟಿಕೊಂಡಿತು.

ನಮ್ಮ ಶಿಲ್ಪಶಾಸ್ತ್ರದಲ್ಲಿ ಇದಕ್ಕೆ ಬೇರೆಯೇ ದಾರಿಯಿದೆ. ಅದು ತಾಳಮಾನ. ಮೂರ್ತಿಯ ಮುಖದ ಉದ್ದವೇ ಒಂದು ತಾಳ. ಒಂದು ತಾಳಕ್ಕೆ 12 ಅಂಗುಲ. ನವತಾಳದ ಮೂರ್ತಿ ಎಂದರೆ ಅದರ ಎತ್ತರ ಅದರದೇ ಮುಖದ ಒಂಬತ್ತರಷ್ಟು, ಅಂದರೆ 108 ಅಂಗುಲ. ಇಲ್ಲಿ ಅಂಗುಲವೆಂಬುದು ಅಳತೆಪಟ್ಟಿಯ ಅಂಗುಲವಲ್ಲ, ಆ ಮೂರ್ತಿಯೊಳಗೇ ಹುಟ್ಟುವ ಅಳತೆ. ಆದ್ದರಿಂದ ಮೂರ್ತಿ ಆಳೆತ್ತರವಿರಲಿ, ಗೇಣುದ್ದವಿರಲಿ, ಲೆಕ್ಕ ಕೆಡುವುದಿಲ್ಲ. ಮಾದರಿ ಕಾರಿಗೆ ಹೊರಗೆ ಒಂದು ಮೂಲ ಕಾರು ಬೇಕು. ತಾಳಮಾನದ ಮೂರ್ತಿಗೆ ಅದರ ಮುಖವೇ ಮೂಲ. ದೇವರ ಮೂರ್ತಿ ಮಾಡುವ ಕೈ ಗೊಂಬೆಯನ್ನೂ ಸುಲಭವಾಗಿ ಮಾಡಬಲ್ಲುದಕ್ಕೆ ಕಾರಣ ಇಲ್ಲಿದೆ.

ಕಲ್ಲಿನಲ್ಲಿ ಉಳಿದ ಮಾದರಿಗಳು

ಕಿರುಮಾದರಿಯ ಹಳೆಯ ಗುರುತುಗಳನ್ನು ನೋಡಬೇಕಾದರೆ ಇಟಗಿಗೆ ಹೋಗಬೇಕು. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಈ ಊರಿನ ಮಹಾದೇವ ದೇವಾಲಯವನ್ನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಬಂದವರ ಕಣ್ಣು ಮೊದಲು ಕಂಬಗಳ ನುಣುಪಿನ ಮೇಲೆ, ಬಳಿಕ ಶಿಖರದ ಮೇಲೆ ಹೋಗುತ್ತದೆ. ಹೊರಗೋಡೆಯನ್ನು ನಿಧಾನವಾಗಿ ನೋಡಿದರೆ ಮತ್ತೊಂದು ಸಂಗತಿ ಕಾಣುತ್ತದೆ. ಗೋಡೆಗಂಬಗಳ ಮೇಲೆ ಗೇಣು, ಮೊಳದ ಅಳತೆಯ ಪುಟ್ಟ ಪುಟ್ಟ ಶಿಖರಗಳಿವೆ. ಗುಡಿಯ ಗೋಡೆಯ ಮೇಲೆ ಗುಡಿಯ ಮಾದರಿ. ಚಾಲುಕ್ಯ ಶಿಲ್ಪಿಗಳಿಗೆ ಇದು ಬರೀ ಅಲಂಕಾರವಾಗಿರಲಿಲ್ಲ. ದೊಡ್ಡ ಗುಡಿ ಎಂಬುದೇ ಅನೇಕ ಸಣ್ಣ ಗುಡಿಗಳ ಜೋಡಣೆ ಎಂಬುದು ಅವರ ಕಲ್ಪನೆ.

ಇನ್ನೊಂದು ಮಾದರಿ ತುಂಗಭದ್ರೆಯ ಆಚೆಗಿದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿನ ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವನ್ನು ಕಾಣದವರಿಲ್ಲ. ನೇರ ನೋಡದವರೂ 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ನೋಡಿದ್ದಾರೆ. ಅದು ರಥವಲ್ಲ, ರಥದ ಆಕಾರದಲ್ಲಿರುವ ಗರುಡನ ಗುಡಿ. 16ನೇ ಶತಮಾನದ ಶಿಲ್ಪಿಗಳು ಮರದ ತೇರಿನ ಪ್ರತಿಯೊಂದು ವಿವರವನ್ನೂ ಕಲ್ಲಿಗೆ ಇಳಿಸಿದ ಮಾದರಿ ಅದು. ಒಂದೇ ಬಂಡೆಯಂತೆ ಕಂಡರೂ ಹಲವು ಕಲ್ಲುಗಳ ಜೋಡಣೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರವೂ ಕಾಣುತ್ತದೆ. ಈಗ ಆ ಗೋಪುರವಿಲ್ಲ. ಮುಂದಿರುವ ಆನೆಗಳು ಕೂಡ ನಂತರ ತಂದಿಟ್ಟವು. ಮೊದಲು ಅಲ್ಲಿ ಕುದುರೆಗಳಿದ್ದವು.

ಮರದ ತೇರಿಗೂ ಕಿರುಮಾದರಿಯುಂಟು. ಈ ಭಾಗದ ಹಲವು ಜಾತ್ರೆಗಳಲ್ಲಿ ದೊಡ್ಡ ತೇರು ಎಳೆಯುವ ಮೊದಲು ‘ಉಚ್ಚಾಯ’ ಎಂಬ ಸಣ್ಣ ತೇರನ್ನು ಎಳೆಯುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲೂ ಮಹಾರಥೋತ್ಸವಕ್ಕೆ ಮೊದಲು ಲಘು ರಥೋತ್ಸವ ನಡೆಯುತ್ತದೆ. ದೊಡ್ಡದರ ಜೊತೆಗೆ ಅದರ ಚಿಕ್ಕದನ್ನೂ ಇಟ್ಟುಕೊಳ್ಳುವುದು ಇಲ್ಲಿನವರಿಗೆ ಹೊಸದಲ್ಲ.

ಕಿನ್ನಾಳದ ಚಿತ್ರಗಾರರು

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಆ ಗಾದೆಗೆ ಕಿನ್ನಾಳವನ್ನು ಸೇರಿಸುವ ಯೋಚನೆ ಯಾರಿಗೂ ಬಂದಂತಿಲ್ಲ. ಆದರೆ ಹಂಪಿ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯ ವರ್ಣಚಿತ್ರಗಳೂ ಅಲ್ಲಿನ ಮರದ ತೇರಿನ ಕೆತ್ತನೆಯೂ ಕಿನ್ನಾಳ ಚಿತ್ರಗಾರರ ಹಿರಿಯರ ಕೆಲಸ ಎಂಬ ನಂಬಿಕೆ ತಲೆಮಾರುಗಳಿಂದ ಬಂದಿದೆ. ಇತಿಹಾಸಕಾರರು ಆ ಚಿತ್ರಗಳ ಕಾಲದ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. ಅದೇನೇ ಇರಲಿ, ಈ ಕಸಬು ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ, ಗುಡಿಗಾಗಿ ಎಂಬುದನ್ನು ಆ ನಂಬಿಕೆ ಸ್ಪಷ್ಟವಾಗಿ ಹೇಳುತ್ತದೆ.

ಕಿನ್ನಾಳದವರು ಮಾಡುವ ವಸ್ತುಗಳ ಪಟ್ಟಿಯೂ ಅದನ್ನೇ ಹೇಳುತ್ತದೆ. ಗರುಡ, ಗಣೇಶ, ಗ್ರಾಮದೇವತೆಯರ ಮೂರ್ತಿಗಳು, ಪಲ್ಲಕ್ಕಿ, ಹೋಳಿಹಬ್ಬದ ಕಾಮ-ರತಿಯರು ಒಂದು ಕಡೆ. ಬಣ್ಣದ ತೊಟ್ಟಿಲು, ಪ್ರಾಣಿ, ಪಕ್ಷಿ, ಹಣ್ಣುಗಳ ಗೊಂಬೆಗಳು ಇನ್ನೊಂದು ಕಡೆ. ಮೊದಲನೆಯವು ಊರು ಕೇಳುತ್ತಿದ್ದವು, ಎರಡನೆಯವು ಮನೆ ಕೇಳುತ್ತಿದ್ದವು. ಊರಿನ ಕೆಲಸ ಕೈಗೆ ಪಳಗಿಸುವ ಪಾಠ. ಮನೆಯ ಕೆಲಸ ಆ ಪಾಠದ ಚಿಲ್ಲರೆ ಬಳಕೆ. ಮೂರ್ತಿ ಮಾಡಿದವನೇ ಗೊಂಬೆ ಮಾಡುತ್ತಿದ್ದ. ಬರೀ ಗೊಂಬೆ ಮಾಡುವವನೆಂದು ಯಾರೂ ಇರಲಿಲ್ಲ.

ವಿಜಯನಗರದ ಪತನದ ಬಳಿಕ ದೊಡ್ಡ ಗುಡಿಗಳ ಕೆಲಸ ಕಡಿಮೆಯಾಯಿತು. ಮುಂದೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಳ್ವಿಕೆಗೆ ಸೇರಿತು. ಕೊಪ್ಪಳ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರಾಯಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ, ರಾಯಚೂರು ಜಿಲ್ಲೆಯ ಭಾಗವಾಗಿ ಕೊಪ್ಪಳ ಮೈಸೂರು ರಾಜ್ಯಕ್ಕೆ ಬಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಸೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಈ ಏರಿಳಿತಗಳ ನಡುವೆ ಗುಡಿಯ ಕೆಲಸ ತೆಳುವಾಗುತ್ತ ಬಂತು, ಗೊಂಬೆಯ ಕೆಲಸ ಉಳಿಯಿತು. ತೇರು ಕಿರಿದಾಗಿ ಗೊಂಬೆಯಾಯಿತು ಎಂದರೂ ತಪ್ಪಿಲ್ಲ.

ಗೊಂಬೆ ಹುಟ್ಟುವ ಬಗೆ

ಕಿನ್ನಾಳದ ಗೊಂಬೆಯನ್ನು ಚನ್ನಪಟ್ಟಣದ ಗೊಂಬೆಯೊಂದಿಗೆ ಗೊಂದಲ ಮಾಡಿಕೊಳ್ಳುವವರು ಬಹಳ. ಎರಡೂ ಮರದವು, ಎರಡೂ ಬಣ್ಣದವು ಎಂಬುದನ್ನು ಬಿಟ್ಟರೆ ಹೋಲಿಕೆ ಕಡಿಮೆ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಚರಕಿಯ ಮೇಲೆ ತಿರುಗುತ್ತದೆ. ತಿರುಗುವಾಗಲೇ ಅರಗಿನ ಬಣ್ಣ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಅಲ್ಲಿನ ಗೊಂಬೆಗಳ ಆಕಾರವೆಲ್ಲ ಗುಂಡು. ಕಿನ್ನಾಳದಲ್ಲಿ ಚರಕಿಗೆ ಜಾಗವಿಲ್ಲ. ಉಳಿಯಿಂದ ಕೆತ್ತಿ, ಭಾಗ ಭಾಗವಾಗಿ ಜೋಡಿಸಿ, ಕುಂಚದಿಂದ ಬಣ್ಣ ಬರೆಯುತ್ತಾರೆ.

ಬಳಸುವುದು ಪೊಂಕಿ ಎಂಬ ಹಗುರ ಮರ. ಮೈ, ಕೈ, ಕಾಲು, ರೆಕ್ಕೆ ಬೇರೆ ಬೇರೆಯಾಗಿ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಮುಂದಿನದು ಕಿಟ್ಟ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಂದಿಗೆ ಕಲಸಿದರೆ ಕಿಟ್ಟ ಸಿದ್ಧ. ಸಂದು, ಬಿರುಕು ಮುಚ್ಚಲು, ಮೈ ತುಂಬಿಸಲು ಇದೇ ಸಾಮಗ್ರಿ. ಅದರ ಮೇಲೆ ಅದೇ ಅಂಟಿನಿಂದ ಹತ್ತಿಯ ತುಣುಕುಗಳನ್ನು ಹಚ್ಚುತ್ತಾರೆ. ಬಳಿಕ ನುಣ್ಣಗೆ ಅರೆದ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಬಣ್ಣ ಹಿಡಿಯುವ ನೆಲೆ ಇದು. ಈ ಲೇಪ ನುಣುಪಾಗದಿದ್ದರೆ ಮೇಲಿನ ಬಣ್ಣ ಎಷ್ಟು ಚೆಲುವಾಗಿದ್ದರೂ ನಿಲ್ಲದು.

ಬಣ್ಣದ ಹಂತದಲ್ಲಿ ಕಿನ್ನಾಳಕ್ಕೆ ಹೆಸರು ತಂದದ್ದು ಲಾಜವರ. ತವರವನ್ನು ಕಾಸಿ, ತೆಳುವಾಗಿಸಿ, ಅಂಟಿನೊಂದಿಗೆ ಅರೆದು, ಕುಂಚದಿಂದ ಒಡವೆಯ ಜಾಗಕ್ಕೆ ಹಚ್ಚಿ, ಒಣಗಿದ ಮೇಲೆ ತಿಕ್ಕಿದರೆ ಲೋಹದ ಹೊಳಪು ಬರುತ್ತದೆ. ಅದರ ಮೇಲೆ ಹಳದಿ ಛಾಯೆಯ ಲೇಪ ಕೊಟ್ಟರೆ ಚಿನ್ನವೇ. ಚಿನ್ನದ ರೇಕು ಹಚ್ಚಲಾರದ ಊರಗುಡಿಗೂ ದೇವರಿಗೆ ಚಿನ್ನದ ಒಡವೆ ತೊಡಿಸಿದ ತೃಪ್ತಿ ಸಿಗುತ್ತಿತ್ತು. ಎಲ್ಲ ಮುಗಿದ ಮೇಲೆ ಕಣ್ಣು ಬರೆಯುವುದು. ಅಲ್ಲಿ ಕೈ ನಡುಗಿದರೆ ಹಿಂದಿನ ದಿನಗಳ ಶ್ರಮವೆಲ್ಲ ವ್ಯರ್ಥ.

ಈಗ ಮಾದರಿ ಕಾರು ಕಟ್ಟುವವರ ಮೇಜಿನ ಕಡೆ ನೋಡಬೇಕು. ಬಿಡಿಭಾಗಗಳನ್ನು ಅಂಟಿಸುತ್ತಾರೆ. ಸಂದುಗಳಿಗೆ ಪುಟ್ಟಿ ತುಂಬುತ್ತಾರೆ. ಮರಳುಕಾಗದದಿಂದ ಉಜ್ಜುತ್ತಾರೆ. ಪ್ರೈಮರ್ ಎಂಬ ತಳಬಣ್ಣ ಕೊಡುತ್ತಾರೆ. ಮೇಲೆ ತೆಳುವಾಗಿ ಎರಡು ಮೂರು ಸಲ ಬಣ್ಣ. ಬಂಪರ್, ಹಿಡಿಕೆಗಳಿಗೆ ಬೆಳ್ಳಿಯಂತೆ ಹೊಳೆಯುವ ಲೋಹದ ತೆಳು ಹಾಳೆ. ಕೊನೆಗೆ ವಾರ್ನಿಷ್. ಪುಟ್ಟಿಯ ಜಾಗದಲ್ಲಿ ಕಿಟ್ಟ, ಪ್ರೈಮರಿನ ಜಾಗದಲ್ಲಿ ಕಲ್ಲುಪುಡಿಯ ಲೇಪ, ಹೊಳಪಿನ ಹಾಳೆಯ ಜಾಗದಲ್ಲಿ ಲಾಜವರ. ಸಾಮಗ್ರಿ ಬೇರೆ, ಕ್ರಮ ಒಂದೇ. ಒಬ್ಬರನ್ನೊಬ್ಬರು ಕಾಣದ ಎರಡು ಲೋಕಗಳು ಒಂದೇ ಸಮಸ್ಯೆಗೆ ಒಂದೇ ಉತ್ತರ ಕಂಡುಕೊಂಡಿವೆ.

ಅಚ್ಚಿನ ಪಯಣ

ವ್ಯತ್ಯಾಸವಿರುವುದು ಅಚ್ಚಿನಲ್ಲಿ. ಬ್ರಿಟನ್ನಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಮೆಕ್ಯಾನೋ ಸಂಸ್ಥೆ 1930ರ ದಶಕದ ಆರಂಭದಲ್ಲಿ ಆಟಿಕೆ ರೈಲಿನ ಜೊತೆಗಿಡಲು ಲೋಹದ ಪುಟ್ಟ ವಾಹನಗಳನ್ನು ಎರಕ ಹೊಯ್ಯತೊಡಗಿತು. 1934ರಿಂದ ಅವು ಡಿಂಕಿ ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು. ಕರಗಿದ ಲೋಹವನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ನೂಕಿದರೆ ಕ್ಷಣದಲ್ಲಿ ಕಾರಿನ ಮೈ ಸಿದ್ಧ. ಅಚ್ಚು ಕೊರೆಯಲು ತಿಂಗಳುಗಳು ಬೇಕು. ಕೊರೆದ ಮೇಲೆ ಸಾವಿರಾರು ಕಾರುಗಳು ಒಂದೇ ತೆರನಾಗಿ ಬರುತ್ತವೆ.

ಅಚ್ಚಿನ ಶಕ್ತಿಯನ್ನು ಜಗತ್ತು ಚೆನ್ನಾಗಿ ಕಂಡದ್ದು 1953ರಲ್ಲಿ. ಆ ವರ್ಷ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ನಡೆಯಿತು. ಲಂಡನ್ನಿನ ಲೆಸ್ನಿ ಎಂಬ ಸಣ್ಣ ಸಂಸ್ಥೆ ರಾಣಿ ಕೂತು ಹೋದ ಸಾರೋಟಿನ ಕಿರುಮಾದರಿಯನ್ನು ಎರಕ ಹೊಯ್ದು ಮಾರಿತು. ಹತ್ತು ಲಕ್ಷಕ್ಕೂ ಹೆಚ್ಚು ಸಾರೋಟುಗಳು ಖರ್ಚಾದವು. ಆ ಹಣ ಮತ್ತು ಧೈರ್ಯದಿಂದ ಹುಟ್ಟಿದ್ದೇ ಮ್ಯಾಚ್‌ಬಾಕ್ಸ್ ಕಾರುಗಳು. ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಆಟಿಕೆಯನ್ನು ಮಾತ್ರ ಶಾಲೆಗೆ ತರಬಹುದೆಂಬ ನಿಯಮವಿದ್ದ ಕಾರಣ, ಸಂಸ್ಥೆಯ ಜ್ಯಾಕ್ ಓಡೆಲ್ ತನ್ನ ಮಗಳಿಗೆ ಅಷ್ಟೇ ಗಾತ್ರದ್ದೊಂದನ್ನು ಮಾಡಿಕೊಟ್ಟ ಎಂಬುದು ಆ ಹೆಸರಿನ ಹಿಂದಿನ ಕಥೆ. ರಾಣಿಯ ಸಾರೋಟೂ ಒಂದು ಬಗೆಯ ತೇರೇ. ಅಲ್ಲಿಯೂ ತೇರು ಕಿರಿದಾಗಿಯೇ ಆಟಿಕೆಯಾಯಿತು. ಆದರೆ ಅದನ್ನು ಕಿರಿದು ಮಾಡಿದ್ದು ಅಚ್ಚು.

ಅಚ್ಚಿಗೆ ಇನ್ನೊಂದು ಗುಣವಿದೆ. ಅದನ್ನು ಸಾಗಿಸಬಹುದು. 1960ರ ದಶಕದ ಕೊನೆಯ ವೇಳೆಗೆ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಹಡಗೇರಿ ಕಲಕತ್ತೆಗೆ ಬಂದವು. ಅಲ್ಲಿ ಅದೇ ಅಚ್ಚಿನಿಂದ ಬಂದ ಕಾರುಗಳು ‘ನಿಕ್ಕಿ’ ಎಂಬ ಹೆಸರಿನಲ್ಲಿ ಮಾರಾಟವಾದವು. ಮುಂದೆ 1979ರಲ್ಲಿ ಲಿವರ್‌ಪೂಲಿನ ಕಾರ್ಖಾನೆಯೇ ಮುಚ್ಚಿತು. ಕಾರ್ಖಾನೆ ಹೋದರೂ ಕಾರುಗಳು ಉಳಿದವು. ಮಕ್ಕಳಿಗಾಗಿ ಮಾಡಿದ ಆ ಆಟಿಕೆಗಳನ್ನು ಈಗ ಕೊಳ್ಳುವವರು ದೊಡ್ಡವರು. ಮೂಲ ಪೆಟ್ಟಿಗೆ ಸಮೇತ ಸಿಕ್ಕರೆ ದೊಡ್ಡ ಬೆಲೆ. ನಿಕ್ಕಿ ಕಾರುಗಳಿಗೂ ಸಂಗ್ರಾಹಕರಿದ್ದಾರೆ.

ಕಿನ್ನಾಳದಲ್ಲಿ ಹಾಗೆ ಸಾಗಿಸಲು ಏನಿದೆ? ಒಂದು ಗರುಡ ಮುಗಿದ ಮೇಲೆ ಇನ್ನೊಂದು ಗರುಡನನ್ನು ಮತ್ತೆ ಮೊದಲಿನಿಂದ ಕೆತ್ತಬೇಕು. ಇಲ್ಲಿ ಅಚ್ಚೆಂದರೆ ಕೆತ್ತುವವನ ಕೈ. ಅದು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಮಾತ್ರ ಸಾಗುತ್ತದೆ. ನಡುವೆ ಒಂದು ತಲೆಮಾರು ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ.

ಜಪಾನಿನ ಒಂದು ಊರು

ಕೈಯ ವಿದ್ಯೆ ಅಚ್ಚಿಗೆ ಇಳಿದ ಉದಾಹರಣೆ ಇಲ್ಲದಿಲ್ಲ. ಜಪಾನಿನ ಶಿಝುವೋಕಾ ನಗರ ಅಂಥದು. 17ನೇ ಶತಮಾನದಲ್ಲಿ ತೊಕುಗಾವ ಶೋಗನ್ನರ ಆಶ್ರಯದಲ್ಲಿ ಅಲ್ಲಿ ದೊಡ್ಡ ದೇಗುಲಗಳು ಎದ್ದವು. ಬಡಗಿಗಳು, ಅರಗಿನ ಬಣ್ಣದವರು, ಕೆತ್ತನೆಯವರು ಬೇರೆ ಬೇರೆ ಕಡೆಗಳಿಂದ ಬಂದರು. ಕೆಲಸ ಮುಗಿದ ಮೇಲೆ ಹಲವರು ಅಲ್ಲೇ ನೆಲೆಸಿ ಪೀಠೋಪಕರಣ, ಅರಗಿನ ಪೆಟ್ಟಿಗೆ, ಗೊಂಬೆಗಳ ಕಸಬಿಗೆ ಇಳಿದರು. ಗುಡಿಯ ಕೆಲಸ ಮುಗಿದಾಗ ಗೊಂಬೆಗೆ ತಿರುಗಿದ ಈ ಕಥೆ ಕಿನ್ನಾಳದ ಕಥೆಯನ್ನೇ ಹೋಲುತ್ತದೆ.

ಮುಂದಿನ ಅಧ್ಯಾಯ ಮಾತ್ರ ಬೇರೆ. ಎರಡನೇ ಮಹಾಯುದ್ಧದ ಬಳಿಕ ಆ ಊರಿನ ತಮಿಯಾ ಎಂಬ ಮರದ ವ್ಯಾಪಾರದ ಸಂಸ್ಥೆ ಮರದ ಹಡಗುಗಳ ಕಿರುಮಾದರಿ ಮಾಡಲು ತೊಡಗಿತು. ವಿದೇಶದ ಪ್ಲಾಸ್ಟಿಕ್ ಮಾದರಿಗಳು ಬಂದಾಗ ಮರದ ಮಾದರಿಗಳ ಮಾರಾಟ ಕುಸಿಯಿತು. ತಮಿಯಾ 1960ರಲ್ಲಿ ತಾನೂ ಪ್ಲಾಸ್ಟಿಕ್ಕಿಗೆ ತಿರುಗಿತು. 1976ರಲ್ಲಿ ಪೋರ್ಷೆ 934 ಕಾರಿನ ಮಾದರಿ ಮಾಡುವಾಗ ವಿವರಗಳು ಸಾಲದೆಂದು ನಿಜವಾದ ಪೋರ್ಷೆ 911 ಕಾರೊಂದನ್ನೇ ಕೊಂಡು, ಬಿಚ್ಚಿ ನೋಡಿತು. ಇಂದು ಜಪಾನಿನ ಪ್ಲಾಸ್ಟಿಕ್ ಮಾದರಿಗಳ ಬಹುಪಾಲು ತಯಾರಾಗುವುದು ಶಿಝುವೋಕಾದಲ್ಲೇ. ಮರ ಹೋಯಿತು, ಆದರೆ ಮರದ ಕೆಲಸ ಬಲ್ಲವರ ಊರು ಅಚ್ಚಿನ ಕೆಲಸದ ಊರಾಯಿತು. ಹಳೆಯ ಕಸಬು ಹೊಸ ಉದ್ಯಮಕ್ಕೆ ತಳಪಾಯವಾಯಿತು.

ಭಾನಾಪುರದ ಕಾರ್ಖಾನೆ

ಕೊಪ್ಪಳ ಜಿಲ್ಲೆಗೂ ಆಟಿಕೆಯ ಉದ್ಯಮ ಬಂದಿದೆ. 2020ರಲ್ಲಿ ದೇಶೀಯ ಆಟಿಕೆಗಳ ಬಗ್ಗೆ ಕೇಂದ್ರ ಸರ್ಕಾರ ಒತ್ತು ಕೊಟ್ಟು ಮಾತಾಡತೊಡಗಿತು. ಅದಕ್ಕೆ ಮೊದಲೇ ಆ ವರ್ಷದ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತ್ತು. 2023ರಲ್ಲಿ ಅದು ಶೇ 70 ಆಯಿತು. ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಏಕಸ್ ಸಂಸ್ಥೆ ಇದರ ಹೊಣೆ ಹೊತ್ತಿತು. 5,000 ಕೋಟಿ ರೂಪಾಯಿ ಬಂಡವಾಳ ಮತ್ತು ಐದು ವರ್ಷಗಳಲ್ಲಿ 40,000 ಉದ್ಯೋಗದ ಗುರಿಯನ್ನು ಆಗ ಘೋಷಿಸಲಾಗಿತ್ತು. ಇಟಗಿಯ ದೇವಾಲಯ ಇರುವುದೂ ಇದೇ ತಾಲ್ಲೂಕಿನಲ್ಲಿ ಎಂಬುದು ಕಾಕತಾಳೀಯ.

ವಿಮಾನದ ಬಿಡಿಭಾಗಕ್ಕೂ ಆಟಿಕೆಗೂ ಏನು ನಂಟು ಎಂಬ ಪ್ರಶ್ನೆ ಬರಬಹುದು. ನಂಟು ಅಚ್ಚಿನದೇ. ಕೂದಲೆಳೆಯಷ್ಟೂ ತಪ್ಪದಂತೆ ಉಕ್ಕನ್ನು ಕೊರೆಯುವ ಯಂತ್ರಗಳು ಇದ್ದವರಿಗೆ ಪ್ಲಾಸ್ಟಿಕ್ ಆಟಿಕೆಯ ಅಚ್ಚು ಕೊರೆಯುವುದು ದೂರದ ವಿದ್ಯೆಯಲ್ಲ. ಅಂದರೆ ಇಲ್ಲಿನ ಉದ್ಯಮ ಶಿಝುವೋಕಾದಂತೆ ಊರಿನ ಮರದ ಕಸಬಿನಿಂದ ಬೆಳೆದು ಬಂದದ್ದಲ್ಲ. ಅದು ಉಕ್ಕಿನ ಕಸಬಿನಿಂದ, ಹೊರಗಿನಿಂದ ಬಂದದ್ದು. ನೀರಾವರಿ ಕಡಿಮೆಯಿದ್ದು ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳು ಬಹಳವಿರುವ ಕುಷ್ಟಗಿ, ಯಲಬುರ್ಗಾ ಭಾಗಕ್ಕೆ ಇಂಥ ಕಾರ್ಖಾನೆ ಬೇಕಿರಲಿಲ್ಲ ಎನ್ನುವಂತಿಲ್ಲ. ಆದರೆ ಗೊಂಬೆಗೆ ಹೆಸರಾದ ಜಿಲ್ಲೆಗೆ ಗೊಂಬೆಯ ಕಾರ್ಖಾನೆ ಬಂದಾಗ ಗೊಂಬೆಯವರಿಗೆ ಅದರಲ್ಲಿ ಯಾವ ಪಾಲು ಎಂಬ ಪ್ರಶ್ನೆಯನ್ನೂ ಕೇಳದಿರಲಾಗದು.

ಕಾನೂನು ಈ ಎರಡನ್ನೂ ಬೇರೆ ಬೇರೆಯೆಂದೇ ಗುರುತಿಸಿದೆ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಪ್ರತಿಯೊಂದು ಬಗೆಯ ಆಟಿಕೆಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪರವಾನಗಿ ಪಡೆಯುವ ಈ ವ್ಯವಸ್ಥೆ ಮನೆಯ ಪಡಸಾಲೆಯಲ್ಲಿ ಕೂತು ಕೆತ್ತುವವರಿಗೆ ಎಟುಕದ್ದು. 2020ರ ಡಿಸೆಂಬರಿನಲ್ಲಿ ನೋಂದಾಯಿತ ಕರಕುಶಲಿಗಳ ಆಟಿಕೆಗಳಿಗೂ, ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಅದರಿಂದ ವಿನಾಯಿತಿ ಸಿಕ್ಕಿತು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತು ಇರುವುದರಿಂದ ಅದು ಬಚಾವಾಯಿತು.

ಬಚಾವಾದದ್ದು ದೊಡ್ಡ ಸಂಗತಿಯೇ. ಆದರೆ ಭೌಗೋಳಿಕ ಗುರುತು ಕಾಯುವುದು ಹೆಸರನ್ನು. ಬೇರೆ ಊರಿನವರು ಮಾಡಿದ ಗೊಂಬೆಯನ್ನು ಕಿನ್ನಾಳದ್ದೆಂದು ಮಾರುವುದನ್ನು ಅದು ತಡೆಯಬಹುದು. ಕಿನ್ನಾಳದ ಹುಡುಗ ಉಳಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದನ್ನು ಅದು ತಡೆಯದು. ಅವನನ್ನು ದೂರುವಂತೆಯೂ ಇಲ್ಲ. ಕಲಿಯಲು ವರ್ಷಗಳು ಬೇಕಾಗುವ, ಒಂದು ಮೂರ್ತಿ ಮುಗಿಸಲು ದಿನಗಟ್ಟಲೆ ಹಿಡಿಯುವ ಕಸಬಿಗಿಂತ ತಿಂಗಳ ಸಂಬಳ ಭದ್ರ. ಇಂದು ಈ ಕಸಬು ಹಿಡಿದಿರುವ ಕುಟುಂಬಗಳು ಬೆರಳೆಣಿಕೆಯಷ್ಟು.

ಕೊಳ್ಳುವವರು ಯಾರು?

ಕಿನ್ನಾಳದ ಗೊಂಬೆಯನ್ನು ಇಂದು ಕೊಳ್ಳುವವರು ಮಕ್ಕಳಲ್ಲ ಎಂಬುದು ಇನ್ನೊಂದು ಬದಲಾವಣೆ. ಕಾವೇರಿ ಎಂಪೋರಿಯಂಗೋ ಕರಕುಶಲ ಮೇಳಕ್ಕೋ ಹೋಗಿ ದೊಡ್ಡವರು ಕೊಂಡು, ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಡಿಂಕಿ ಕಾರಿಗೆ ಆದದ್ದೇ ಇದಕ್ಕೂ ಆಗಿದೆ. ಆಟದ ವಸ್ತು ಸಂಗ್ರಹದ ವಸ್ತುವಾಗಿದೆ. ಆದರೆ ಡಿಂಕಿ ಕಾರು ಹೊಸದಾಗಿ ತಯಾರಾಗದಿದ್ದರೂ ಸಂಗ್ರಾಹಕರಿಗೆ ನಷ್ಟವಿಲ್ಲ, ಬೆಲೆ ಏರುತ್ತದೆ ಅಷ್ಟೇ. ಕಿನ್ನಾಳದಲ್ಲಿ ಹೊಸದು ತಯಾರಾಗುವುದು ನಿಂತರೆ ಕಪಾಟಿನ ಗೊಂಬೆಗಳು ಉಳಿಯುತ್ತವೆ, ಜಾತ್ರೆಯ ಮೊದಲು ದೇವಿಗೆ ಬಣ್ಣ ಹಚ್ಚುವವರು ಇರುವುದಿಲ್ಲ.

ಮಾದರಿ ಕಾರುಗಳ ಹವ್ಯಾಸದಿಂದ ಇಲ್ಲಿ ಕಲಿಯುವುದಿದೆ. ಆ ಹವ್ಯಾಸಿ ಕೊಳ್ಳುವುದು ಸಿದ್ಧ ವಸ್ತುವನ್ನಲ್ಲ, ಕೆಲಸವನ್ನು. ತಾನೇ ಉಜ್ಜಿ, ತಾನೇ ಬಣ್ಣ ಹಚ್ಚಿ, ಎರಡು ಸಲ ಕೆಡಿಸಿದವನಿಗೆ ಒಂದು ನೇರ ಗೆರೆಯ ಬೆಲೆ ಗೊತ್ತಿರುತ್ತದೆ. ಚೌಕಾಸಿ ಮಾಡಲು ಅವನಿಗೆ ಬಾಯಿ ಬರದು. ಕೆತ್ತಿ, ಕಿಟ್ಟ ತುಂಬಿ, ತಳಲೇಪ ಕೊಟ್ಟು, ಬಣ್ಣವಿಲ್ಲದೆ ಬಿಟ್ಟ ಪುಟ್ಟ ಗೊಂಬೆಯೊಂದು ಬಣ್ಣ, ಕುಂಚದ ಸಮೇತ ಜಿಲ್ಲೆಯ ಶಾಲೆಗಳಿಗೆ ಹೋದರೆ? ಎಲ್ಲ ಮಕ್ಕಳೂ ಚಿತ್ರಗಾರರಾಗುವುದಿಲ್ಲ. ಆದರೆ ಗೊಂಬೆಯ ಬೆಲೆ ಯಾಕೆ ಅಷ್ಟು ಎಂದು ಮುಂದೆ ಕೇಳದ ಒಂದು ತಲೆಮಾರು ಬೆಳೆಯುತ್ತದೆ. ಕಾರ್ಖಾನೆಯವರಿಗೂ ಇದರಲ್ಲಿ ಲಾಭವಿದೆ. ಯಂತ್ರ ಎಷ್ಟೇ ಚುರುಕಾದರೂ ಹೊಸ ಗೊಂಬೆಗೆ ಮುಖ ಕೊಡಲು ಮೊದಲು ಯಾರಾದರೂ ಅದನ್ನು ರೂಪಿಸಲೇಬೇಕು. ಮುಖದಿಂದಲೇ ಮೈಯ ಅಳತೆ ತೆಗೆಯಬಲ್ಲವರು ಅದೇ ಜಿಲ್ಲೆಯಲ್ಲಿದ್ದಾರೆ.

ಜನವರಿಯಲ್ಲಿ ಗವಿಮಠದ ಜಾತ್ರೆಯ ಹೊತ್ತಿಗೆ ಕೊಪ್ಪಳದ ರಸ್ತೆಗಳ ತುಂಬ ಆಟಿಕೆಯಂಗಡಿಗಳು ಹರಡಿಕೊಳ್ಳುತ್ತವೆ. ಪ್ಲಾಸ್ಟಿಕ್ ಕಾರು, ಬಸ್ಸು, ಟ್ರ್ಯಾಕ್ಟರುಗಳ ರಾಶಿ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯಿಂದ ಬಂದ ಮಕ್ಕಳು ಅವುಗಳ ಮುಂದೆ ಹಟ ಹಿಡಿದು ನಿಲ್ಲುತ್ತಾರೆ. ಆ ರಾಶಿಯಲ್ಲಿ ಭಾನಾಪುರದ ಆಟಿಕೆಯೂ ಇದ್ದೀತು. ಕಿನ್ನಾಳದ ಗೊಂಬೆ ಅಲ್ಲಿ ಸಿಕ್ಕರೆ ಅದು ಅಪರೂಪ. ಉಚ್ಚಾಯ ಮೊದಲು, ದೊಡ್ಡ ತೇರು ಆಮೇಲೆ ಎಂಬುದು ಜಾತ್ರೆಯ ಕ್ರಮ. ಚಿಕ್ಕದನ್ನು ನೋಡಿಕೊಳ್ಳದೆ ದೊಡ್ಡದಕ್ಕೆ ಕೈ ಹಾಕಬಾರದೆಂದು ಹಿರಿಯರು ಹಾಗೆ ಮಾಡಿದರೋ ಏನೋ. ಆಟಿಕೆಯ ಜಿಲ್ಲೆಯಾಗಲು ಹೊರಟಿರುವ ಕೊಪ್ಪಳ ಆ ಕ್ರಮವನ್ನು ಒಮ್ಮೆ ನೆನೆಯುವುದು ಒಳಿತು.